ಬಚ್ಚಲ ಹಿಂದಿನ ಬಾಳೆ

೧೯೯೮ರ ಒಂದು ಮಧ್ಯಾಹ್ನ ಉತ್ತಮಪಾಳಯಂ ಬಸ್ ನಿಲ್ದಾಣದ ತಮಿಳು ಗದ್ದಲದ ನಡುವೆ ತಮಿಳರಸಿಯ ಕಿವಿಗೆ ತಾನು ಮನೆಯಲ್ಲಿ ಆಡುವ ಕನ್ನಡ ಬಿತ್ತು. ಪಕ್ಕದಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು: ಅತ್ತಿಗೆ ನಾದಿನಿಯ ತವರಾದ ಗೂಡಲೂರಿಗೆ, ನಾದಿನಿ ಗಂಡನೂರು ಪೆರಿಯಕುಳಕ್ಕೆ ಹೊರಟಿದ್ದರು.

“ಬಚ್ಚಲ ಹಿಂದಿನ ಬಾಳೆ ಐತಾ, ಮದಿನಿ?” ನಾದಿನಿ ಅತ್ತಿಗೆಯನ್ನು ಕೇಳಿದಳು.

“ಸೋಪಿನ ನೀರಿಗೆ ಸೊರಗಿತ್ತಮ್ಮಾ. ಗುಂಡಿ ತೋಡಿ ಜಲ್ಲಿ, ಇದ್ದಿಲು, ಮರಳು ತುಂಬಿದ್ವಿ. ಈಗ ನೀರು ಸೋಸಿ ಹೋಗ್ತದೆ, ಗೊನೆ ಹಣ್ಣಾಗೈತೆ.”

“ಅವ್ವ ಇದ್ದಾಗ ಯಾವ ಗುಂಡಿ? ಸೀಗೆಕಾಯಿ ಹಾಕಿ ಮೀಯೋಳು, ಬಾಳೆಗೂ ತಲೆಸ್ನಾನ.”

“ಅತ್ತೆ ಹೋದ್ಮೇಲೆ ನೀ ಮನೆ ಕಡೆ ಬಂದೇ ಇಲ್ಲ. ನಾಳೆ ತಿಥಿ, ಆ ಹಣ್ಣೇ ಇಡ್ತೀವಿ.”

“ಬಚ್ಚಲ ನೀರಿನ ಹಣ್ಣು ಸಾಮಿಗೆ ಇಡಬಾರದಲ್ಲ!”

“ಸಾಮಿಗೆ ಯಾರಿಡ್ತಾರೆ? ಅತ್ತೆ ಮಿಂದ ನೀರು ಕುಡಿದ ಬಾಳೆ, ಅತ್ತೆಗೇ ಇಡೋಣ.”

ಗೂಡಲೂರಿನ ಬಸ್ ಬಂತು. ಪೆರಿಯಕುಳಕ್ಕೆ ಹೊರಟಿದ್ದ ನಾದಿನಿ ಚೀಲ ಎತ್ತಿಕೊಂಡು ಅತ್ತಿಗೆಯ ಹಿಂದೆಯೇ ಹತ್ತಿದಳು.