ಮೊದಲ ಕೇಳಿದ್ದು ನನ್ನನ್ನ

ಕಂದೀಲು ಸಣ್ಣ ಮಾಡ್ರಿ... ಸಾಕು. ಇದು ಊರಮಂದಿ ಕಟ್ಟಿ ಹೇಳಿದ್ದಲ್ಲ. ನಮ್ಮ ಸೋದರಮಾವನ ಮಗ ಜಕ್ಕಪ್ಪಗ ಆದದ್ದು. ಬನಹಟ್ಟಿಯೊಳಗ, ಸಂಸ್ಥಾನದ ಕಾಲಕ್ಕ.

ಜಕ್ಕಪ್ಪ ನೇಕಾರ. ಬಾಜೂ ಮನಿ ಹಾಲಸಿದ್ದಪ್ಪನೂ ನೇಕಾರ. ನಡುವ ಒಂದೇ ಮಣ್ಣಿನ ಗ್ವಾಡಿ. ಇಲ್ಲಿ ಮಗ್ಗ ಆಡಿದ್ರ ಅಲ್ಲಿ ಕೇಳತೈತಿ. ಹಾಲಸಿದ್ದಪ್ಪನ ಮಗ್ಗ ನಿಂತ ಮ್ಯಾಲೇ ಜಕ್ಕಪ್ಪ ತನ್ನದು ನಿಲ್ಲಸಾವ, ಊಟ ಆರಿ ತಣ್ಣಗಾದ್ರೂ ಅಷ್ಟ. ಹಾಲಸಿದ್ದಪ್ಪ ನೇಯ್ದ ಸೀರಿ ದಡಿ ನೋಡಿ ಯಾರರ ಭೇಷ್ ಅಂದ್ರ, ಎರಡು ದಿನ ಇವಗ ರೊಟ್ಟಿ ಇಳೀತಿರಲಿಲ್ಲ.

ಆ ವರ್ಷ ಥಂಡಿ ದಿನದಾಗ ಪಡಸಾಲ್ಯಾಗಿನ ಜಕ್ಕಪ್ಪನ ಮಗ್ಗ ನಿಂತಬಿಟ್ಟಿತು. ಎಲ್ಲಿಂದಲೋ ಬಂದ ಬೆಕ್ಕು ಮಗ್ಗದ ಕುಣ್ಯಾಗ, ಕಾಲಿಲೆ ತುಳಿಯೂ ಹಲಗಿ ಮ್ಯಾಲೇ, ನಾಕು ಮರಿ ಹಾಕಿತ್ತು. ಕುಣ್ಯಾಗ ಬೆಕ್ಕು ಈದ್ರ, ಮರಿ ಕಣ್ಣ ತೆರಿಯೂತನಕ ನೇಕಾರ ಒಳಗ ಇಳಿಯಾಂಗಿಲ್ಲ. ಅವರ ಓಣ್ಯಾಗ ಹಂಗ ನಡಕೊಂಡು ಬಂದಿತ್ತು. ಗ್ವಾಡಿ ಆಚೆ ಮಾತ್ರ ಹಗಲೆಲ್ಲಾ... ಖಟ್... ಸರ್ರ್... ಖಟ್.

"ಬೆಕ್ಕಿಗೂ ನನ್ನ ಮನೀನೇ ಬೇಕಾಗಿತ್ತೇನು? ಅವನ ಕುಣಿ ಕಾಣಲಿಲ್ಲೇನು ಅದಕ್ಕ?"

ಹೆಂಡತಿ ಇಂದ್ರವ್ವ ನಕ್ಕಳು. "ಅದಕ್ಕರ ನಿಮ್ಮ ಮನಿ ಛಲೋ ಅನಿಸೇತಲ್ರೀ."

ಸಪ್ಪಳ ತಾಳಲಾರದ ಜಕ್ಕಪ್ಪ ಚಿಮ್ಮಡಕ್ಕ, ಅಕ್ಕನ ಮನಿಗೆ ಎದ್ದು ಹೋದ. ಮೂರನೇ ದಿನ ರಾತ್ರಿ ಹೊಳ್ಳಿ ಬರಾಕತ್ತಿದ್ದ. ಅಮಾಸಿ ಕತ್ತಲಿ. ಊರ ಹೊರಗ ಆಲದ ಗಿಡ, ಅದರ ಬುಡಕ್ಕ ಬಾವಿ. ಬಾವ್ಯಾಗ ಹನಿ ಬೀಳಾಕತ್ತಿತ್ತು... ಟಪ್... ಟಪ್. ಕಟ್ಟಿ ಮ್ಯಾಲೆ ಒಬ್ಬ ಮುದುಕ... ಕಾಲು ಒಳಗ ಇಳಿಬಿಟ್ಟು ಕುಂತಿದ್ದ.

"ತಮ್ಮಾ... ಹಸದೇನಿ. ಇದೊಂದು ರಾತ್ರಿ ನಿನ್ನ ಮನ್ಯಾಗ ಜಾಗ ಕೊಡತೀಯೇನು?"

ಜಕ್ಕಪ್ಪ ಎರಡು ಹೆಜ್ಜಿ ಹಿಂದ ಸರದ. ಆಗ ಊರ ತುಂಬ ಒಂದೇ ಸುದ್ದಿ. ಮುಧೋಳ ಗಡಿ ಕಡೆ ಕಳ್ಳರ ಟೋಳಿ ಎದ್ದೈತಿ, ಮೊದಲ ಒಬ್ಬ ಮುದುಕನ್ನ ಕಳಸತಾರ, ಕದಾ ತೆಗದ್ರ ಹಿಂದ ನಾಕು ಮಂದಿ ನುಗ್ಗತಾರ. ಕಳ್ಳ ಅಲ್ಲ, ದೆವ್ವ ಅನ್ನೋಣಂದ್ರ ಕಾಲು ನೋಡಬೇಕು. ಕಾಲು ಬಾವ್ಯಾಗ ಅದಾವ!

ಆಗ ಅವಗ ಒಂದು ವಿಚಾರ ಬಂತು. ಅಂಜಿಕಿ ಹೋಗಿ ಒಳಗಿಂದೊಳಗ ನಗಿ ಬಂತು.

"ನನ್ನ ಮನ್ಯಾಗ ಜಾಗ ಇಲ್ಲಜ್ಜಾ. ನೇಕಾರ ಓಣ್ಯಾಗ ಹಾಲಸಿದ್ದಪ್ಪ ಅಂತ ಕೇಳು. ಅವ ಯಾರಿಗೂ ಒಲ್ಲೆ ಅನ್ನೂದಿಲ್ಲ."

ಅದು ಖರೆ ಇತ್ತು. ಹಿಂದಿನ ವರ್ಷ ಹಿಂಗ ಯಾರಿಗೋ ಮಲಗಾಕ ಕೊಟ್ಟು, ಬೆಳಗಾಗೂದ್ರಾಗ ತಾಮ್ರದ ಕೊಡ ಕಳಕೊಂಡಿದ್ದ ಹಾಲಸಿದ್ದಪ್ಪ. "ಕೊಡ ಒಯ್ದಾವ ಬ್ಯಾರೆ, ನಾಳೆ ಬರಾವ ಬ್ಯಾರೆ" ಅಂತ ಕದಾ ತೆಗಿಯೂದು ಬಿಟ್ಟಿರಲಿಲ್ಲ. ಈ ಸಲ ಕೊಡಕ್ಕ ಮುಗಿಯೂದಿಲ್ಲ ಅನಕೊಂಡ ಜಕ್ಕಪ್ಪ.

"ನಿನ್ನ ಮನ್ಯಾಗ ಮಗ್ಗ ಐತೇನು?" ಮುದುಕ ಹಿಂದಿನಿಂದ ಕೇಳಿದ.

"ಐತಿ... ನಿಂತೈತಿ." ತಿರುಗಿ ನೋಡಲಿಲ್ಲ.

ಮನಿಗೆ ಬಂದು ಒಳಮನಿ ಅಗಳಿ ಹಾಕಿ, ಹೆಂಡತಿಗೆ ಪಿಸುದನೀಲೆ ಹೇಳಿದ. ಇಂದ್ರವ್ವ ಎದಿ ಮ್ಯಾಲೆ ಕೈ ಇಟಗೊಂಡಳು. "ಛೀ! ಅವರ ಮನ್ಯಾಗ ಎಳೀ ಕೂಸೈತ್ರಿ. ಹೋಗಿ ಹೇಳಿ ಬರ್ರಿ."

"ಬಾಯಿ ಮುಚ್ಚಿ ಮಲಕೋ."

ಒಳಮನ್ಯಾಗ ಮಲಗಿ ಗ್ವಾಡಿಗೆ ಕಿವಿ ಹಚ್ಚಿದ. ಆಚೆ ಕದಾ ತೆರದ್ದು ಕೇಳಿಸ್ತು... ಕಿರ್ರ್... ತಂಬಿಗಿ ನೀರು... ಗಳಗಳ... "ಬರ್ರೀ ಅಜ್ಜಾ, ಕೈಕಾಲು ತೊಳಕೋರಿ." ಇನ್ನ ಚೀರತಾರ, ಈಗ ಚೀರತಾರ ಅಂತ ಕಾದ. ಕೂಸು ಒಮ್ಮೆ ಅತ್ತು ಸುಮ್ಮನಾತು. ಅಷ್ಟ.

ನಡುರಾತ್ರಿ... ಖಟ್... ಸರ್ರ್... ಖಟ್.

ಜಕ್ಕಪ್ಪ ಎದ್ದು ಕುಂತ. ಲಾಳಿ ನೀರಾಗಿನ ಮೀನ ಓಡಿದಂಗ ಓಡಾಕತ್ತಿತ್ತು. ಒಂದು ಸಲನೂ ತಡವರಿಸಲಿಲ್ಲ.

"ಕೇಳಿದೇನು? ಮುದುಕ ನೇಕಾರ! ಹಾಲಸಿದ್ದನ ಮಗ್ಗಕ್ಕ ಕುಂತಾನ. ಎಂಥಾ ಕೈ ಐತಿ ನೋಡು... ಅವ ಮೊದಲ ಕೇಳಿದ್ದು ನನ್ನನ್ನ. ನನ್ನ ಮನಿಗೆ ಬರಬೇಕಾದಾವ ಅವ!"

"ರೀ..." ಇಂದ್ರವ್ವ ಅವನ ತೋಳು ಹಿಡದಳು. "ಸಪ್ಪಳ ನಮ್ಮ ಪಡಸಾಲ್ಯಾಗಿಂದ ಬಂದಂಗ ಆಗೇತಿ."

"ಹುಚ್ಚೀ, ನಮ್ಮ ಕುಣ್ಯಾಗ ಬೆಕ್ಕೈತಿ. ಹಾಲಸಿದ್ದಂದೇ ಅದು." ಮತ್ತ ಗ್ವಾಡಿಗೆ ಕಿವಿ ಒತ್ತಿದ. ಬೆಳಗಿನ ಜಾವದ ತನಕ ಒತ್ತೇ ಇದ್ದ.

ನಸುಕಿನ್ಯಾಗ ಅಗಳಿ ತಗದು, ಕತ್ತಲ ಪಡಸಾಲಿ ದಾಟಿ ಓಡಿದ. ಹಾಲಸಿದ್ದಪ್ಪ ಅಂಗಳದಾಗ ಬೇವಿನ ಕಡ್ಡಿ ಕಡಕೋತ ನಿಂತಿದ್ದ.

"ಎಲ್ಲೋ ಮುದುಕ?"

"ಯಾವಾಗ ಎದ್ದು ಹೋದ್ನೋ ಗೊತ್ತಿಲ್ಲ. ಎರಡು ಸಜ್ಜಿ ರೊಟ್ಟಿ ಕೊಟ್ಟಿದ್ದೆ, ಎಳ್ಳು ಹಚ್ಚಿದ್ದು. ಒಂದು ತಿಂದ. ಇನ್ನೊಂದು ಮಡಚಿ ಇಟಗೊಂಡ. ದಾರಿ ತೋರಿಸಿದಾತನ ಮನ್ಯಾಗ ಬಾಣಂತಿ ಅದಾಳ, ಆಕಿಗೆ ಅಂದ... ನಿಮ್ಮನ್ಯಾಗ ಯಾರೋ ಬಾಣಂತಿ?"

"ಅದಿರಲಿ. ರಾತ್ರೆಲ್ಲಾ ನಿನ್ನ ಮಗ್ಗಕ್ಕ ಕುಂತು ಏನು ನೇಯ್ದ? ತೋರಿಸು."

ಹಾಲಸಿದ್ದಪ್ಪ ಕಡ್ಡಿ ಬಾಯಿಂದ ತಗದ. "ನನ್ನ ಮಗ್ಗ? ಮೊನ್ನೆ ಸೀರಿ ಕೊಯ್ದು ತಗದೇನಿ, ಹೊಸಾ ಹಾಸಿನ ನೂಲು ಇನ್ನೂ ಏರಿಸೇ ಇಲ್ಲ. ನಿಂದೇ ಆಡಾಕತ್ತಿತ್ತಲ್ಲೋ ಮಾರಾಯಾ! ನಮ್ಮಾಕಿ ರಾತ್ರೆಲ್ಲಾ ನನಗ ಬೈದಾಳ, ಜಕ್ಕಪ್ಪಣ್ಣನ್ನ ನೋಡಿ ಕಲೀರಿ ಅಂತ."

ಜಕ್ಕಪ್ಪ ಹೊಳ್ಳಿ ಬಂದ. ಈ ಸಲ ಓಡಲಿಲ್ಲ.

ಬೆಳಕು ಪಡಸಾಲಿಗೆ ಬಿದ್ದಿತ್ತು. ಮಗ್ಗದ ಮ್ಯಾಲೆ ಅವ ಬಿಟ್ಟು ಹೋದ ಜಾಗದಿಂದ ಒಂದು ಗೇಣು ಸೀರಿ ಮುಂದ ನೇಯ್ದಿತ್ತು. ಅವನದೇ ನೂಲು, ಅವನದೇ ದಡಿ. ಆದ್ರ ಆ ದಡಿ ನೋಡಿದ ಜಕ್ಕಪ್ಪ, ಅದರ ಬಾಜೂಕಿದ್ದ ತಾ ನೇಯ್ದದ್ದನ್ನ ಅಂಗೈಯಿಂದ ಮುಚ್ಚಿದ. ಹೆಂಡತಿ ಸೈತ ನೋಡಬಾರದು ಅಂತ.

"ರೀ, ಕುಣಿ ನೋಡ್ರಿ," ಅಂದಳು ಇಂದ್ರವ್ವ.

ಬಗ್ಗಿ ನೋಡಿದ್ರ, ತುಳಿಯೂ ಹಲಗಿ ಮ್ಯಾಲೆ ನಾಕೂ ಮರಿ ಹಂಗ ಮಲಗಿದ್ವು. ಕಣ್ಣ ಇನ್ನೂ ತೆರದಿರಲಿಲ್ಲ. ಹಲಗಿ ತುಳಿದ್ರ ಒಂದಾದ್ರೂ ಉಳೀತಿರಲಿಲ್ಲ. ಬಾಜೂಕ ಬೆಕ್ಕು ಏನೋ ಕಡಿಯಾಕತ್ತಿತ್ತು... ಕರಂ... ಕರಂ.

ಆ ಗೇಣು ಅರಿವಿ ನಾ ಕೈಯಾರೆ ಮುಟ್ಟೇನಿ. ತಿರಗಾಡಕೋತ ಹೋದಾಗ ಅವರ ಪಡಸಾಲ್ಯಾಗೇ ಮಲಗೇನಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು, ಆದದ್ದು ಖರೆ. ಬೆಕ್ಕಿನ ಬಾಯಾಗಿದ್ದದ್ದು ಅರ್ಧ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ್ದು. ಆ ತಿಂಗಳು ಜಕ್ಕಪ್ಪನ ಮನ್ಯಾಗ ಒಂದು ಕಾಳು ಎಳ್ಳು ಇರಲಿಲ್ಲ.