ಹಂಸಪಾದ ಹಾಕಿದ ಹಾಳೆ

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯ ಜಯದೇವಪ್ಪನವರೇ, ವೇದಿಕೆಯ ಅತಿಥಿಗಳೇ, ಶಿಕ್ಷಕ ಬಂಧುಗಳೇ, ಮಕ್ಕಳೇ, ಸೀತೂರಿನ ಸಭಿಕರೇ,

ಮನೆಯಿಂದ ಬರಿಗಾಲಲ್ಲಿ ಬಂದಿದ್ದೇನೆ, ಕ್ಷಮಿಸಿ. ಗೇಟಿನಲ್ಲಿ ಪುಟ್ಟಪ್ಪ, "ಯಾವ ದೇವರಿಗೆ ಹರಕೆ ಮಾರಾಯ?" ಎಂದು ಕೇಳಿದ. ಹರಕೆಯಲ್ಲ. ಕಾರಣ ಆಮೇಲೆ ಹೇಳುತ್ತೇನೆ.

ಒಂಬತ್ತನೇ ತರಗತಿಯ ನನ್ನ ಮಗಳು ಕೃತಿಕಾಗೆ ಅಂದವಾದ ನೋಟ್‌ಬುಕ್ಕಿನ ಬಹುಮಾನ ಸತತ ಮೂರನೇ ವರ್ಷವೂ ಬಂದಿದೆ. ಪೋಷಕರ ಪರವಾಗಿ ನಾಲ್ಕು ಮಾತಾಡಿ ಎಂದು ಮೇಷ್ಟ್ರು ಹೇಳಿದರು. ನಾನು ದಿನಪತ್ರಿಕೆ ಹಂಚುವವನು, ಭಾಷಣ ಮಾಡಿದವನಲ್ಲ. ಆದರೆ ಆ ನೋಟ್‌ಬುಕ್ಕನ್ನು ಪೇಪರಿನ ಜೊತೆ ಇಟ್ಟುಕೊಂಡು ಇಡೀ ಊರಿಗೆ ತೋರಿಸಿದವನು ನಾನೇ. ಒಂದು ಚಿತ್ತುಕಾಟೂ ಇಲ್ಲ ನೋಡಿ ಎಂದು ಜಂಬಪಟ್ಟವನೂ ನಾನೇ.

ಕಾಟು ಏಕಿಲ್ಲ? ಒಂದಕ್ಷರ ತಪ್ಪಿದರೂ ಅವಳು ಇಡೀ ಹಾಳೆ ಹರಿಯುತ್ತಿದ್ದಳು. ಎರಡು ಪುಟದ ಮನೆಪಾಠಕ್ಕೆ ನಾಲ್ಕು ಗಂಟೆ. ಆ ಹಾಳೆಗಳಿಂದ ನಾವು ಬಚ್ಚಲೊಲೆ ಹೊತ್ತಿಸಿದೆವು. ಹೊಸ ನೋಟ್‌ಬುಕ್ಕನ್ನೂ ತಂದುಕೊಟ್ಟೆವು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಎರಡೇ ಪ್ರಶ್ನೆಗೆ ಉತ್ತರ ಬರೆದು ಕೊಟ್ಟಾಗ ಏಕೆಂದು ಕೇಳಿದೆ. "ತಪ್ಪು ಹಾಗೇ ಬಿಟ್ರೆ ಅಮ್ಮನಿಗೆ ಏನಾದ್ರೂ ಆಗತ್ತೆ ಅನ್ಸತ್ತಪ್ಪ. ಸುಳ್ಳು ಅಂತ ಗೊತ್ತು. ಆದ್ರೂ ಅನ್ಸತ್ತೆ" ಎಂದಳು.

ಇದನ್ನು ಇಲ್ಲಿ ಹೇಳಲು ಅವಳ ಒಪ್ಪಿಗೆ ಕೇಳಿದ್ದೇನೆ. "ಹೇಳಪ್ಪ, ಉದ್ದ ಮಾಡ್ಬೇಡ" ಎಂದಿದ್ದಾಳೆ.

ಶಿವಮೊಗ್ಗದ ಡಾಕ್ಟರು ಇದು ಕಾಯಿಲೆ, ಹಟವಲ್ಲ ಎಂದರು. ದಾರಿ ಎರಡು. ಒಂದು, ಅಭ್ಯಾಸ: ತಪ್ಪಾದ ಹಾಳೆಯನ್ನು ಹರಿಯದೆ, ಆ ಭಯವನ್ನು ತಡೆದುಕೊಂಡು ಕೂರುವುದು. ಅದನ್ನು ಕಲಿಸುವವರು ಮಣಿಪಾಲದಲ್ಲಿದ್ದಾರೆ, ವಾರಕ್ಕೊಮ್ಮೆ ಹೋಗಬೇಕು. ಇನ್ನೊಂದು, ಮಾತ್ರೆ. ಗುಣ ಕಾಣಲು ಕೆಲವು ವಾರ ಬೇಕು, ಮೊದಮೊದಲು ಮಗುವನ್ನು ಗಮನಿಸುತ್ತಿರಬೇಕು. ಎರಡನ್ನೂ ಒಟ್ಟಿಗೆ ಶುರುಮಾಡಬಹುದು, ಬರೀ ಅಭ್ಯಾಸದಿಂದಲೂ ಶುರುಮಾಡಬಹುದು. ಸೋಮವಾರ ತಿಳಿಸಿ ಎಂದರು.

ನನ್ನ ತಾಯಿ ಪ್ರೇಮಕ್ಕ, "ಮಾತ್ರೆ ಕೊಡಕ್ಕೆ ಕೂಸಿಗೆ ಎಂತ ಆಗಿದೆ? ಚಂದ ಬರೆಯೋದೂ ರೋಗನಾ?" ಎನ್ನುತ್ತಾರೆ. ಹೆಂಡತಿ ತುಂಗಾ, "ಮಾತ್ರೆ ಕೊಡೋಣ, ಅವಳು ಹೆದರೋದನ್ನ ಸುಮ್ಮನೆ ಕೂತು ನೋಡಕ್ಕೆ ನನ್ ಕೈಲಾಗಲ್ಲ" ಎನ್ನುತ್ತಾಳೆ. ನಾನು? ಬೆಳಿಗ್ಗೆ ತುಂಗಾಳ ಮಾತು ಸರಿ ಎನಿಸುತ್ತದೆ. ಬಾಳೆಹೊನ್ನೂರಿನಿಂದ ಪೇಪರ್ ಕಟ್ಟು ತರುವಷ್ಟರಲ್ಲಿ ಅವ್ವನ ಮಾತೇ ಸರಿ ಎನಿಸುತ್ತದೆ.

ಪೇಪರಿನಲ್ಲೂ ತಪ್ಪು ಬರುತ್ತದೆ. ಮರುದಿನ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಾರೆ. ನಿನ್ನೆಯ ಪೇಪರನ್ನು ಯಾರಾದರೂ ಮತ್ತೆ ಅಚ್ಚು ಹಾಕುತ್ತಾರೆಯೇ? ಇದನ್ನು ಮಗಳಿಗೂ ಹೇಳಿದೆ. ನಕ್ಕಳು, ಮತ್ತೆ ಹಾಳೆ ಹರಿದಳು.

ಈಗ ಕಾಲಿನ ವಿಷಯ. ಇಂದಿನ ವಂದನೆಯ ಪಟ್ಟಿ ಬರೆದುಕೊಟ್ಟವಳು ಕೃತಿಕಾ. ಮುಗಿದ ಮೇಲೆ ನೋಡಿದರೆ ಒಂದು ಹೆಸರು ಬಿಟ್ಟುಹೋಗಿತ್ತು. ಹರಿಯಲು ಹಾಳೆ ಹಿಡಿದಳು. ಐದು ನಿಮಿಷ ಹಾಗೇ ಕೂತಳು. ಕೊನೆಗೆ ಸಾಲಿನ ನಡುವೆ ಒಂದು ಹಂಸಪಾದ ಹಾಕಿ, ಬಿಟ್ಟ ಹೆಸರನ್ನು ಮೇಲೆ ಬರೆದು, "ತಗೊಂಡ್ ಓಡಪ್ಪ, ನಿಂತ್ರೆ ಹರೀತೀನಿ" ಎಂದಳು. ಚಪ್ಪಲಿ ಹುಡುಕುತ್ತ ನಿಲ್ಲುವ ಧೈರ್ಯ ನನಗಿರಲಿಲ್ಲ.

ಮೇಷ್ಟ್ರೇ, ಈ ಬಹುಮಾನ ಬೇರೆ ಮಗುವಿಗೆ ಕೊಡಿ. ಬೇಸರದಿಂದ ಹೇಳುತ್ತಿಲ್ಲ. ನನ್ನ ಮಗಳ ನೋಟ್‌ಬುಕ್ಕಿನಲ್ಲಿ ಕಾಟು ಕಂಡರೆ ಮತ್ತೆ ಬರೆಸಬೇಡಿ, ಅಷ್ಟು ಸಾಕು. ಸೋಮವಾರ ಡಾಕ್ಟರಿಗೆ ಏನು ಹೇಳಬೇಕೋ ಈಗಲೂ ತಿಳಿದಿಲ್ಲ. ಮೊದಲು ಈ ಹಾಳೆ ತೋರಿಸುತ್ತೇನೆ.

ಪಟ್ಟಿಯನ್ನು ಅವಳು ಬರೆದಂತೆಯೇ ಓದುತ್ತೇನೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಶಿಕ್ಷಕರಿಗೆ, ಶಾಮಿಯಾನದವರಿಗೆ, ಮತ್ತು ಇಲ್ಲಿದೆ ಹಂಸಪಾದ, ಬಿಸಿಯೂಟದ ಸರೋಜಕ್ಕನಿಗೆ ವಂದನೆಗಳು. ಸರೋಜಕ್ಕ, ನಿಮ್ಮ ಹೆಸರು ಬಿಟ್ಟುಹೋದದ್ದಕ್ಕೆ ನಾನು ಋಣಿ.

ಎಲ್ಲರಿಗೂ ನಮಸ್ಕಾರ.