ಬೆಟಿ ರಾಸರ್‌ಗೆ ಸಿಗದ ಕಾಗದ

ಇದು ನಮ್ಮ ಪಕ್ಕದ ಮನೆಯ ಡಾಕ್ಟರ್ ಎಲೆರಿಗೆ ಆದದ್ದು. ವೇಲ್ಸಿನ ಈ ಗಣಿ ಊರಲ್ಲಿ ಮೂವತ್ತು ವರ್ಷ ನರ್ಸಾಗಿದ್ದವಳು ನಾನು. ಎಷ್ಟೋ ಹೆಣಗಳ ಕಣ್ಣು ಮುಚ್ಚಿದ್ದೇನೆ, ಸುಮ್ಮಸುಮ್ಮನೆ ಹೆದರುವವಳಲ್ಲ. ಆದರೂ ಇದನ್ನು ಹೇಳುವಾಗ... ಆ ಕಿಟಕಿ ಹಾಕಿಬಿಡಿ.

ಎಲೆರಿ ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರು. ರೋಗಿಗಳನ್ನು ನೋಡುವುದರ ಜೊತೆಗೆ ಡಾಕ್ಟರುಗಳನ್ನು ನೋಡುವ ಕೆಲಸವೂ ಅವಳದೇ. ಐದು ವರ್ಷಕ್ಕೊಮ್ಮೆ ಒಬ್ಬೊಬ್ಬರ ಫೈಲು ತೆಗೆದು, ಇವರು ಇನ್ನೂ ಕೆಲಸಕ್ಕೆ ಯೋಗ್ಯರು ಅಂತ ಅವಳು ಬರೆದುಕೊಟ್ಟರೇ ಲೈಸೆನ್ಸು ಉಳಿಯುವುದು. ಆ ವಾರ ಸರ್ಜನ್ ಹವಾರ್ಡರ ಸರದಿ. ಅವಳಿಗೆ ಹೊಲಿಗೆ ಹಾಕಲು ಕಲಿಸಿದ ಗುರು.

ಆಪರೇಷನ್ ಥಿಯೇಟರಿನ ನರ್ಸ್ ಮೇರ್ ಹಿಂದೆಯೇ ಅವಳ ಕಿವಿಯಲ್ಲಿ ಹೇಳಿದ್ದಳು. "ಅವರ ಕೈ ನಡುಗುತ್ತೆ ಡಾಕ್ಟ್ರೇ. ಒಂದ್ಸಲ ಒಳಗ್ ಬಂದು ನೋಡಿ."

ಎಲೆರಿ ಒಳಗೆ ಹೋಗಲಿಲ್ಲ. ಫೈಲು ನೋಡಿದಳು. ಅದರಲ್ಲಿ ಒಂದು ಕುಂದಿಲ್ಲ. ತರಬೇತಿ ಪತ್ರ, ಜೊತೆಯವರ ಹೊಗಳಿಕೆ, ಈ ಡಾಕ್ಟರು ಹೇಗೆ ಅಂತ ರೋಗಿಗಳೇ ಬರೆದುಕೊಟ್ಟ ಕಾಗದಗಳ ಕಟ್ಟು. ಎಲ್ಲದರಲ್ಲೂ ಒಳ್ಳೆಯದೇ. ಬೆಳಿಗ್ಗೆ ಸಹಿ ಹಾಕಿದರಾಯಿತು ಅಂತ ಬ್ಯಾಗು ಹೆಗಲಿಗೇರಿಸಿ ಹೊರಟಾಗ ರಾತ್ರಿ ಹನ್ನೊಂದೂವರೆ.

ಮನೆಯ ದಾರಿಯಲ್ಲಿ, ಚಾಪೆಲ್ ಅನ್ನೋ ಚಿಕ್ಕ ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಒಂದು ಹಳೇ ಬಾವಿಯಿದೆ. ಅದರ ಹತ್ತಿರ ಬಂದಾಗ ಕೇಳಿಸಿತು. ಕಿರ್ರ್... ಟಕ್. ಕಿರ್ರ್... ಟಕ್. ಸಲೈನ್ ಬಾಟಲಿ ತೂಗುವ ಕಂಬದ ಸವೆದ ಗಾಲಿಯ ಸದ್ದು. ಆಸ್ಪತ್ರೆಯವರಿಗೆ ನಿದ್ದೆಯಲ್ಲೂ ಗುರುತು ಹತ್ತುವ ಸದ್ದದು.

ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ. ಆಸ್ಪತ್ರೆಯ ಅಂಗಿ, ಬರಿಗಾಲು, ಕೈಯಲ್ಲಿ ಆ ಕಂಬ.

"ಇಲ್ಲಿಗ್ ಯಾಕ್ ಬಂದ್ರಿ ಅಜ್ಜಿ? ಚಳೀಲಿ..."

"ನಂಗೊಂದು ಕಾಗ್ದ ಕೊಡ್ಲೇ ಇಲ್ವಲ್ಲ ತಾಯಿ."

"ಯಾವ ಕಾಗ್ದ?"

"ಹವಾರ್ಡ್ ಡಾಕ್ಟ್ರು ಹೆಂಗೆ ಅಂತ ಕೇಳ್ತಾರಲ್ಲ, ಅದು. ಪಕ್ಕದ ಮಂಚದೋಳಿಗೆ ಕೊಟ್ರು. ಎದುರಿನೋಳಿಗೂ ಕೊಟ್ರು."

"ಅದು ಮನೆಗ್ ಹೋಗೋ ದಿನ ಕೊಡೋದು ಅಜ್ಜಿ."

"ಹೌದಾ..." ಮುದುಕಿ ಬರಿಗಾಲನ್ನು ಅಂಗಿಯೊಳಗೆ ಎಳೆದುಕೊಂಡಳು. "ಹಂಗಾದ್ರೆ ನಂಗೆ ಸಿಗಲ್ಲ ಬಿಡು."

ಹೆಸರು ಕೇಳಿದರೆ ಬೆಟಿ ರಾಸರ್ ಅಂದಳು. ಎಲೆರಿ ಪಕ್ಕಕ್ಕೆ ತಿರುಗಿ ವಾರ್ಡಿಗೆ ಫೋನು ಹಚ್ಚಿದಳು. ಆ ಕಡೆಯಿಂದ ನರ್ಸು ಅಂದಳು,

"ಬೆಟಿ ರಾಸರ್ ಮಂಗಳವಾರನೇ ತೀರ್ಕೊಂಡ್ರಲ್ಲ ಡಾಕ್ಟ್ರೇ. ಹವಾರ್ಡ್ ಸರ್ ಮಾಡಿದ ಆಪರೇಷನ್ನು..."

ತಿರುಗಿ ನೋಡಿದರೆ ಕಟ್ಟೆ ಖಾಲಿ. ಸದ್ದು ಮಾತ್ರ ಮೇಲೆ, ಆಸ್ಪತ್ರೆಯ ಕಡೆಗೆ ಹೋಗುತ್ತಿತ್ತು. ಕಿರ್ರ್... ಟಕ್.

ಎಲೆರಿ ರಾತ್ರಿಯಿಡೀ ಹವಾರ್ಡರ ಫೈಲು ಮುಂದಿಟ್ಟುಕೊಂಡು ಕೂತಿದ್ದಳಂತೆ. ನೋಡಿ, ಆ ಕಾಗದ ಮನೆಗೆ ಹೋದವರಿಗಷ್ಟೇ ಸಿಗುತ್ತಿತ್ತು. ಮನೆಗೆ ಹೋಗದವರನ್ನು ಯಾರೂ ಕೇಳಿರಲಿಲ್ಲ. ವರ್ಷಗಟ್ಟಲೆ ವಾರ್ಡಿನಲ್ಲಿ ಅದನ್ನು ಹಂಚಿದವಳು ನಾನೇ, ನನಗೂ ಹೊಳೆದಿರಲಿಲ್ಲ. ಈಗ ನೆನೆದರೆ ನನ್ನ ಮೇಲೇ ನನಗೆ ಅಸಹ್ಯವಾಗುತ್ತದೆ.

ಬೆಳಿಗ್ಗೆ ಎಂಟಕ್ಕೆ ಹವಾರ್ಡರಿಗೆ ಆಪರೇಷನ್ ಇತ್ತು. ಎರಡು ಮಕ್ಕಳ ತಾಯಿ, ಮೂವತ್ತೊಂದು ವಯಸ್ಸು. ಎಲೆರಿ ಥಿಯೇಟರಿನ ಬಾಗಿಲಿಗೆ ಅಡ್ಡ ನಿಂತಳು.

"ಸರ್, ಕೈ ತೋರಿಸಿ."

"ನಿನ್ ಕೈ ಹಿಡಿದು ಹೊಲಿಗೆ ಕಲಿಸಿದೋನು ನಾನು. ನಂಗೇ ಪರೀಕ್ಷೆನಾ?" ಅಂತ ಅವರು ನಗಲು ನೋಡಿದರು.

"ತೋರಿಸಿ ಸರ್." ಅವಳು ಬಾಗಿಲು ಬಿಡಲಿಲ್ಲ.

ಹವಾರ್ಡರು ನಿಧಾನಕ್ಕೆ ಕೈ ಚಾಚಿದರು. ಹತ್ತೂ ಬೆರಳು ನಡುಗುತ್ತಿದ್ದವು. ಆಮೇಲೆ ಯಾರಿಗೂ ಕೇಳದ ಹಾಗೆ ಕೇಳಿದರಂತೆ, "ಅವಳು ನಿನ್ ಹತ್ರಾನೂ ಬಂದ್ಲಾ?"

ಆ ತಾಯಿಗೆ ಬೇರೆಯವರು ಆಪರೇಷನ್ ಮಾಡಿದರು, ಬದುಕಿಕೊಂಡಳು. ಎಲೆರಿ ಸಹಿ ಹಾಕಲಿಲ್ಲ. ಹವಾರ್ಡರು ಮತ್ತೆ ಚಾಕು ಹಿಡಿಯಲಿಲ್ಲ. ನಮ್ಮ ಎದುರು ಮನೆಯಲ್ಲೇ ಒಬ್ಬರೇ ಇದ್ದಾರೆ. ಹಗಲಲ್ಲಿ ಟೀ ಕೊಟ್ಟರೆ ಅರ್ಧ ನೆಲಕ್ಕೆ ಚೆಲ್ಲುತ್ತದೆ, ಪಾಪ.

ಹೋದ ಗುರುವಾರ ರಾತ್ರಿ ಕಸದ ಡಬ್ಬಿ ಹೊರಗಿಡಲು ಹೋಗಿದ್ದೆ. ಅವರ ಅಡುಗೆಮನೆಯಲ್ಲಿ ದೀಪವಿತ್ತು. ಮೇಜಿನ ಮೇಲೆ ಸೀಳಿದ ಕಿತ್ತಳೆ ಸಿಪ್ಪೆ ಇಟ್ಟುಕೊಂಡು, ಹೊಲಿಗೆ ಕಲಿಯುವ ಹೊಸ ಡಾಕ್ಟರುಗಳ ಹಾಗೆ ಹೊಲಿಯುತ್ತಿದ್ದರು. ಒಂದೊಂದೇ ಹೊಲಿಗೆ, ಸಾಲಾಗಿ. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ಹತ್ತಿರಕ್ಕೆ ಎಳೆದಿಟ್ಟಿತ್ತು. ಅವರ ಬಲತೋಳಿನ ಬಟ್ಟೆ ಮಣಿಕಟ್ಟಿನ ಹತ್ತಿರ ಅಮುಕಿಕೊಂಡಿತ್ತು, ಯಾರೋ ಹಿಡಿದ ಹಾಗೆ. ಕನ್ನಡಕ ಹಾಕಿಕೊಂಡೇ ನೋಡಿದ್ದೇನೆ.